ಮಗ್ಗಿಯಿಂದ ಮೌಸಿನವರೆಗೆ

(ನಮ್ಮ ಸಂಘದ ಸಂಸ್ಥಾಪನಾ ದಿನೋತ್ಸವದ ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾರ್ಯದರ್ಶಿಗಳು ಫೋನು ಮಾಡಿ, "ಡಾಕ್ಟ್ರೇ, ಈ ಸಲದ ಗೋಷ್ಠಿಯಲ್ಲಿ ನೀವು ಮಾತಾಡಲೇಬೇಕು" ಎಂದಾಗ ಎಂದಿನಂತೆ ಸಕ್ಕರೆ ಕಾಯಿಲೆಯೋ ಕೊಲೆಸ್ಟರಾಲೋ ಇರಬೇಕು ಎಂದುಕೊಂಡೆ. ಪಕ್ಕದ ಕೋಣೆಯಲ್ಲಿ ಹೋಳಿಗೆ ತುಪ್ಪ ಸಿದ್ಧವಾಗಿರುವಾಗ ಆ ವಿಷಯ ಎತ್ತುವುದು ಹೇಗಪ್ಪಾ ಎಂದು ಯೋಚನೆಗಿಟ್ಟುಕೊಂಡಿತು. ಆದರೆ ಅವರು ಕೇಳಿದ್ದು ಬೇರೆ. "ಮಕ್ಕಳಿಗೆ ಗಣಿತ ಕಲಿಸೋದಕ್ಕೆ ಇಂಟರ್ನೆಟ್ಟಿನಲ್ಲಿ ಏನೇನೋ ಬಂದಿದೆಯಂತೆ. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಅಂತ ಅಪ್ಪ ಅಮ್ಮಂದಿರಿಗೆ ಸ್ವಲ್ಪ ತಿಳಿಸಿ" ಎಂದರು. ಇದಕ್ಕೆ ಮಕ್ಕಳ ಡಾಕ್ಟರ್ ಯಾಕೆ, ನಮ್ಮ ಸಭೆಯಲ್ಲಿ ಕಲ್ಲೆಸೆದರೆ ಯಾರಾದರೊಬ್ಬ ಇಂಜಿನಿಯರಿಗೆ ತಾಗುತ್ತದಲ್ಲ ಎಂದೆ. "ಅವರು ಹೇಳಿದರೆ ಅವರ ಮಕ್ಕಳೇ ಕೇಳೋಲ್ಲ" ಎಂದರು. ಆ ಮಾತಿಗೆ ಎದುರಾಡಲು ಆಗಲಿಲ್ಲ, ಒಪ್ಪಿಕೊಂಡೆ.

ನಿಜ ಹೇಳಬೇಕೆಂದರೆ ಮಕ್ಕಳ ಡಾಕ್ಟರಿಗೂ ಗಣಿತಕ್ಕೂ ಸಂಬಂಧವಿದೆ. ಊರಿನಲ್ಲಿ ಎಂಬಿಬಿಎಸ್ ಮುಗಿಸಿ, ಇಲ್ಲಿ ಅಮೆರಿಕದಲ್ಲಿ ಮೂರು ವರ್ಷ ರೆಸಿಡೆನ್ಸಿ ಮಾಡಿ, ಆಮೇಲೆ ಇಷ್ಟು ವರ್ಷ ಕ್ಲಿನಿಕ್ಕಿನಲ್ಲಿ ಕುಳಿತ ಮೇಲೆ ನನಗೆ ಪರಿಚಯವಾಗಿರುವ ಒಂದು ಹೊಟ್ಟೆನೋವು ಇದೆ. ಮಗುವನ್ನು ಮಲಗಿಸಿ ಒತ್ತಿ ನೋಡಿದರೆ ಏನೂ ಇಲ್ಲ. ಜ್ವರ ಇಲ್ಲ, ವಾಂತಿ ಇಲ್ಲ, ತೂಕ ಸರಿಯಾಗಿದೆ. ಯಾವಾಗ ನೋವು ಬರುತ್ತದೆ ಎಂದು ಕೇಳಿದರೆ ಗುರುವಾರ ಬೆಳಿಗ್ಗೆ. ಗುರುವಾರ ಶಾಲೆಯಲ್ಲಿ ಏನಿದೆ ಎಂದರೆ ಮಗು ಅಮ್ಮನ ಮುಖ ನೋಡುತ್ತದೆ. ಗುರುವಾರ ಗಣಿತದ ಟೆಸ್ಟು. (ಯಾರೂ ಗಾಬರಿಯಾಗಬೇಡಿ, ಇದು ಒಂದು ಮಗುವಿನ ಕಥೆಯಲ್ಲ, ಹಲವು ಮಕ್ಕಳನ್ನು ಸೇರಿಸಿ ಹೇಳುತ್ತಿದ್ದೇನೆ.)

ಇಲ್ಲಿಯವರ ಮನೆಗಳಲ್ಲಿ "ನನಗೂ ಚಿಕ್ಕಂದಿನಲ್ಲಿ ಲೆಕ್ಕ ಬರುತ್ತಿರಲಿಲ್ಲ" ಎಂದು ತಂದೆ ನಗುನಗುತ್ತಾ ಹೇಳಿಬಿಡುತ್ತಾರೆ. ಅದೂ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಆದರೆ ನಮ್ಮವರ ಮನೆಗಳಲ್ಲಿ ಆಗುವುದೇ ಬೇರೆ. ತಂದೆ ಇಂಜಿನಿಯರು, ತಾಯಿ ಎಂಎಸ್ಸಿ, ಚಿಕ್ಕಪ್ಪ ಐಐಟಿ, ಅಕ್ಕ ಗಣಿತ ಸ್ಪರ್ಧೆಯಲ್ಲಿ ಪದಕ ಗೆದ್ದವಳು. ಆ ಮನೆಯಲ್ಲಿ ಭಿನ್ನರಾಶಿ ಅರ್ಥವಾಗದ ಮಗುವಿಗೆ ಅದನ್ನು ಹೇಳಿಕೊಳ್ಳಲು ಜಾಗವೇ ಇರುವುದಿಲ್ಲ. ಹೇಳಿಕೊಳ್ಳಲಾಗದ್ದು ಹೊಟ್ಟೆಗೆ ಇಳಿಯುತ್ತದೆ. ಆಮೇಲೆ ಮಗು ಉಪಾಯ ಕಲಿಯುತ್ತದೆ, ಅರ್ಥವಾಗದೆಯೇ ಉತ್ತರ ತರುವ ಉಪಾಯ. ಆರನೆಯ ಏಳನೆಯ ಗ್ರೇಡಿನವರೆಗೂ ಅದು ನಡೆಯುತ್ತದೆ. ಬೀಜಗಣಿತ ಬಂದಾಗ ಕೈಕೊಡುತ್ತದೆ.

ಹಾಗಾಗಿ ಇವತ್ತು ನಾನು ಮಾತನಾಡುತ್ತಿರುವುದು ಸ್ಪರ್ಧೆಗಳಲ್ಲಿ ಗೆಲ್ಲುವ ಮಕ್ಕಳಿಗಾಗಿ ಅಲ್ಲ. ಅವರಿಗೆ ನಮ್ಮ ಉಪದೇಶ ಬೇಕಾಗಿಲ್ಲ.

ಪೋಷಕರು ನನ್ನನ್ನು ಕೇಳುವ ಪ್ರಶ್ನೆ ನ್ಯಾಯವಾದದ್ದೇ. "ಒಂದು ಕಡೆ ಪರದೆ ನೋಡೋದು ಕಡಿಮೆ ಮಾಡಿಸಿ ಅಂತೀರ. ಇನ್ನೊಂದು ಕಡೆ ಅದೇ ಪರದೆಯ ಮೇಲೆ ಗಣಿತ ಕಲಿಸಿ ಅಂತೀರ. ಯಾವುದನ್ನು ಕೇಳೋದು?" ನನ್ನ ಉತ್ತರ ಇಷ್ಟೇ: ಎಷ್ಟು ಹೊತ್ತು ನೋಡಿತು ಎನ್ನುವುದರ ಜೊತೆಗೆ, ನೋಡುವಾಗ ಮಗುವಿನ ಕೈ ಏನು ಮಾಡುತ್ತಿತ್ತು ಎಂದು ನೋಡಿ. ಎಂಬಿಬಿಎಸ್ ಮೊದಲ ವರ್ಷದಲ್ಲಿ ನಾವೆಲ್ಲ ಅನಾಟಮಿ ಪುಸ್ತಕದ ಪುಟಗಟ್ಟಲೆ ಬಾಯಿಪಾಠ ಮಾಡಿದವರೇ. ಆದರೆ ತೋಳಿನ ನರ ಎಲ್ಲಿ ಹಾದು ಎಲ್ಲಿಗೆ ಹೋಗುತ್ತದೆ ಎಂದು ತಿಳಿದದ್ದು ಡಿಸೆಕ್ಷನ್ ಮೇಜಿನ ಮುಂದೆ ನಿಂತು, ಸ್ವಂತ ಕೈಯಿಂದ ಬಿಡಿಸಿದಾಗ. ಗಣಿತಕ್ಕೂ ಅಂಥ ಒಂದು ಮೇಜು ಬೇಕು. ಕಂಪ್ಯೂಟರು ಆ ಮೇಜಾಗಬಲ್ಲದು. ಅಥವಾ ಬರೀ ಇನ್ನೊಂದು ಟೆಸ್ಟ್ ಪೇಪರೂ ಆಗಬಲ್ಲದು. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರಿನ ಚೀಟಿ ಅಂಟಿಸಿರುತ್ತಾರೆ, ತೊಂದರೆ ಇರುವುದು ಅಲ್ಲಿ.

ಈ ವಿಚಾರ ಹೊಸದೇನಲ್ಲ. 1967ರಲ್ಲಿ, ಮನೆಯಲ್ಲಿ ಕಂಪ್ಯೂಟರ್ ಇರುವುದನ್ನು ಯಾರೂ ಕನಸಿನಲ್ಲೂ ಕಾಣದಿದ್ದ ಕಾಲದಲ್ಲಿ, ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞರೂ ಅವರ ಸಂಗಡಿಗರಾದ ವಾಲಿ ಫರ್ಜಿಗ್, ಸಿಂಥಿಯಾ ಸಾಲಮನ್ ಮೊದಲಾದವರೂ ಮಕ್ಕಳಿಗಾಗಿ 'ಲೋಗೋ' ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಪ್ಯಾಪರ್ಟ್ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ಜಿನೀವಾದಲ್ಲಿ ಪಿಯಾಜೆ ಅವರ ಜೊತೆ ಅಭ್ಯಾಸ ಮಾಡಿ ಎಂಐಟಿಗೆ ಬಂದವರು. ಲೋಗೋದಲ್ಲಿ ಒಂದು ಆಮೆ ಇತ್ತು. ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು ಎಂದು ಮಗು ಅಪ್ಪಣೆ ಕೊಟ್ಟರೆ ಆಮೆ ಗೆರೆ ಎಳೆಯುತ್ತಾ ಹೋಗುವುದು. ಮೊದಮೊದಲು ಅದು ನೆಲದ ಮೇಲೆ ಓಡಾಡುವ ಯಂತ್ರದ ಆಮೆ, ಆಮೇಲೆ ಪರದೆಗೆ ಹತ್ತಿತು. ಅದೇ ಎಂಐಟಿಯಿಂದ 2007ರಲ್ಲಿ ಬಂದ 'ಸ್ಕ್ರ್ಯಾಚ್' ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ಆಮೆಯ ಜಾಗದಲ್ಲಿ ಅಲ್ಲಿ ಬೆಕ್ಕು ಇದೆ, ವಂಶ ಒಂದೇ.

ಮೂರು ಬದಿಯೂ ಸಮನಾಗಿರುವ ತ್ರಿಭುಜವನ್ನು ಆಮೆಯಿಂದ ಬರೆಸು ಎಂದು ಮಗುವಿಗೆ ಹೇಳಿ ನೋಡಿ. ಆ ತ್ರಿಭುಜದ ಪ್ರತಿ ಕೋನ 60 ಡಿಗ್ರಿ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಆದ್ದರಿಂದ ಮಗು, "ನೂರು ಹೆಜ್ಜೆ ಹೋಗು, 60 ಡಿಗ್ರಿ ತಿರುಗು" ಎಂದು ಮೂರು ಸಲ ಹೇಳುತ್ತದೆ. ತ್ರಿಭುಜ ಬರುವುದಿಲ್ಲ. ಬಾಯಿ ತೆರೆದ ಬೋಗುಣಿಯಂತೆ ಏನೋ ಬರುತ್ತದೆ. ಜೇನುಗೂಡಿನ ಕೋಣೆಯಂಥ ಆರು ಬದಿಯ ಆಕಾರದ ಅರ್ಧ ಅದು. ಇಲ್ಲಿ ಯಾರೂ ಕೆಂಪು ಗೆರೆ ಹಾಕುವುದಿಲ್ಲ, "ತಪ್ಪು" ಎಂದು ಪೀಂ ಎನ್ನುವ ಸದ್ದೂ ಇಲ್ಲ. ಆಮೆ ಹೇಳಿದ್ದನ್ನು ಮಾಡಿದೆ ಅಷ್ಟೇ. ಯಾಕೆ ಹೀಗಾಯಿತು? ಆಗ ಮಗುವನ್ನು ಎಬ್ಬಿಸಿ ಹಜಾರದಲ್ಲಿ ತ್ರಿಭುಜವನ್ನು ನಡೆಸಿ. ಮೂಲೆಗೆ ಬಂದಾಗ ಎಷ್ಟು ತಿರುಗಿದೆ ಎಂದು ಅದರ ದೇಹಕ್ಕೇ ಗೊತ್ತಾಗುತ್ತದೆ. ಹೋಗುತ್ತಿದ್ದ ದಿಕ್ಕಿನಿಂದ ಹೆಚ್ಚುಕಡಿಮೆ ಹಿಂದಕ್ಕೇ ತಿರುಗಬೇಕು. 60 ಅಲ್ಲ, 120. ಮೂರು ಮೂಲೆಯಲ್ಲಿ 120ರಂತೆ ತಿರುಗಿದರೆ 360, ಅಂದರೆ ಒಂದು ಪೂರ್ತಿ ಸುತ್ತು. ಚೌಕಕ್ಕೆ ನಾಲ್ಕು ಸಲ 90, ಅದೂ 360. ಹಾಗಾದರೆ ಐದು ಬದಿಗೆ? ಮಗು ತಾನೇ 72 ಎನ್ನುತ್ತದೆ. ದೇವಸ್ಥಾನಕ್ಕೆ ಪ್ರದಕ್ಷಿಣೆ ಬಂದವರಿಗೆ ಇದು ಸುಲಭ ಎಂದು ನಮ್ಮ ಯಜಮಾನರು ತಮಾಷೆ ಮಾಡುತ್ತಾರೆ. ಸುತ್ತು ಯಾವ ಆಕಾರದ್ದಾದರೂ ಹೊರಟ ಮುಖಕ್ಕೇ ಬಂದು ನಿಂತರೆ 360.

ನಮ್ಮ ಕಾಲದ ಜಾಮಿಟ್ರಿ ಬಾಕ್ಸನ್ನು ನೆನಪಿಸಿಕೊಳ್ಳಿ. ಕೈವಾರದ ಮೊನೆ, ಸವೆದ ಪೆನ್ಸಿಲು, ಅಂಕಿ ಅಳಿಸಿಹೋದ ಕೋನಮಾಪಕ. "ಅರ್ಧವೃತ್ತದಲ್ಲಿನ ಕೋನ ಲಂಬಕೋನ" ಎಂಬ ಪ್ರಮೇಯಕ್ಕೆ ಚಿತ್ರ ಬರೆದು ಅಳೆದರೆ 88 ಬರುತ್ತಿತ್ತು, ಪುಸ್ತಕದಲ್ಲಿ 90 ಎಂದು ಬರೆಯುತ್ತಿದ್ದೆವು. ಇಡೀ ತರಗತಿಯೇ ಹಾಗೆ ಮಾಡುತ್ತಿತ್ತು, ಮೇಷ್ಟರಿಗೂ ಗೊತ್ತಿತ್ತು. ಕಾಗದದ ಚಿತ್ರದ ತೊಂದರೆ ಎಂದರೆ ಅದು ಒಂದೇ ಚಿತ್ರ. ಅಲುಗಾಡುವುದಿಲ್ಲ.

ಅಲುಗಾಡುವ ಜ್ಯಾಮಿತಿಯನ್ನು ಮೊದಲು ತಂದವರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ 'ಕ್ಯಾಬ್ರಿ' ಮತ್ತು 1991ರಲ್ಲಿ ಅಮೆರಿಕದಲ್ಲಿ ಬಂದ 'ಜಿಯೋಮೀಟರ್ಸ್ ಸ್ಕೆಚ್‌ಪ್ಯಾಡ್' ಮುಖ್ಯವಾದವು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ 2001ರ ಸುಮಾರಿಗೆ ತಮ್ಮ ಪದವಿಯ ಕೆಲಸವಾಗಿ ಆರಂಭಿಸಿದ್ದು 'ಜಿಯೋಜೀಬ್ರಾ'. ಜಿಯೋಮೆಟ್ರಿ ಮತ್ತು ಆಲ್‌ಜೀಬ್ರಾ ಎರಡನ್ನೂ ಸೇರಿಸಿ ಹೊಲಿದ ಹೆಸರು. ಇದನ್ನು ಬಳಸಲು ದುಡ್ಡು ಕೊಡಬೇಕಾಗಿಲ್ಲ. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಇದನ್ನು ಪಾಠದಲ್ಲಿ ಬಳಸುತ್ತಾರೆ.

ಅದರಲ್ಲಿ ಒಂದು ವೃತ್ತ ಬರೆದು, ಅಡ್ಡಲಾಗಿ ವ್ಯಾಸ ಎಳೆದು, ವೃತ್ತದ ಮೇಲೆ ಒಂದು ಚುಕ್ಕೆ ಇಟ್ಟು, ವ್ಯಾಸದ ಎರಡು ತುದಿಗೂ ಅದನ್ನು ಸೇರಿಸಿ. ಚುಕ್ಕೆಯ ಬಳಿ ಕೋನ ಎಷ್ಟೆಂದು ಅದೇ ತೋರಿಸುತ್ತದೆ: 90. ಈಗ ಮಗುವಿಗೆ ಮೌಸನ್ನು ಕೊಡುವ ಮೊದಲು ಕೇಳಿ, "ಈ ಚುಕ್ಕೆಯನ್ನು ವೃತ್ತದ ಮೇಲೆಯೇ ಜಾರಿಸಿಕೊಂಡು ತುದಿಯ ಹತ್ತಿರಕ್ಕೆ ತಂದರೆ ಕೋನ ಏನಾಗುತ್ತದೆ?" ಸಾಮಾನ್ಯವಾಗಿ ಚಿಕ್ಕದಾಗುತ್ತದೆ ಎನ್ನುತ್ತವೆ, ತ್ರಿಭುಜ ಚಪ್ಪಟೆಯಾಗುತ್ತದಲ್ಲ. ಎಳೆಯಲಿ. 90, 90, 90. ಆ ಕ್ಷಣದಲ್ಲಿ ಮಗುವಿನ ಮುಖ ನೋಡಬೇಕು. ಆಮೇಲೆ ಇನ್ನೊಂದು ಚುಕ್ಕೆಯನ್ನು ವೃತ್ತಕ್ಕೆ ಕಟ್ಟಿಹಾಕದೆ ಬಿಡಿಯಾಗಿ ಇಟ್ಟು, ವೃತ್ತದ ಒಳಗೆ ತರಲು ಹೇಳಿ. ಕೋನ 90ಕ್ಕಿಂತ ಹೆಚ್ಚಾಗುತ್ತದೆ. ಹೊರಗೆ ಹೋದರೆ ಕಡಿಮೆ. ಸರಿಯಾಗಿ ಗೆರೆಯ ಮೇಲೆ ನಿಂತಾಗ ಮಾತ್ರ 90. ವೃತ್ತ ಎನ್ನುವುದು ಬರೀ ದುಂಡಗಿನ ಗೆರೆಯಲ್ಲ, ಒಂದು ಗಡಿ ಎಂದು ಹತ್ತು ವರ್ಷದ ಮಗುವಿಗೂ ತೋರುತ್ತದೆ. ನಮಗೆ ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬಂತು, ಈ ಗಡಿ ಕಾಣಲಿಲ್ಲ.

ಆದರೆ ನೋಡಿದ್ದು ಸಾಧನೆ ಆಗುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ಸಾಧನಗಳನ್ನು ಹೊಗಳುವವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸಾವಿರ ಸಲ ಎಳೆದರೂ 90 ಬಂತು ಎಂದ ಮೇಲೆ ಯಾಕೆ ಎಂದು ಕೇಳಬೇಕು. ಕೇಂದ್ರದಿಂದ ಚುಕ್ಕೆಗೆ ಒಂದು ಗೆರೆ ಎಳೆಯಿರಿ. ದೊಡ್ಡ ತ್ರಿಭುಜ ಎರಡು ಚಿಕ್ಕವಾಗಿ ಒಡೆಯುತ್ತದೆ. ಎರಡರಲ್ಲೂ ಎರಡೆರಡು ಬದಿ ತ್ರಿಜ್ಯಗಳೇ, ಆದ್ದರಿಂದ ಸಮ. ಸಮಬದಿಗಳೆದುರಿನ ಕೋನಗಳೂ ಸಮ. ಒಂದರಲ್ಲಿ ಎರಡು ಹಸಿರು ಕೋನ, ಇನ್ನೊಂದರಲ್ಲಿ ಎರಡು ನೀಲಿ ಕೋನ ಎನ್ನಿ. ದೊಡ್ಡ ತ್ರಿಭುಜದಲ್ಲಿ ಒಟ್ಟು ಎರಡು ಹಸಿರು, ಎರಡು ನೀಲಿ, ಸೇರಿ 180. ಹಾಗಾದರೆ ಒಂದು ಹಸಿರು ಒಂದು ನೀಲಿ ಸೇರಿದರೆ 90, ಚುಕ್ಕೆಯ ಬಳಿ ಇರುವುದು ಅದೇ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಪೆನ್ಸಿಲು ಸಾಕು. ಯಾಕೆ ಎಂಬ ಹಸಿವನ್ನು ಹುಟ್ಟಿಸಿದ್ದು ಮಾತ್ರ ಆ ಜಾರುವ ಚುಕ್ಕೆ.

ಹೈಸ್ಕೂಲಿನ ಮಕ್ಕಳಿಗೆ 'ಡೆಸ್ಮಾಸ್' ಗೊತ್ತು. 2011ರಲ್ಲಿ ಈಲೈ ಲೂಬೆರಾಫ್ ಎಂಬ ಯುವಕ ಆರಂಭಿಸಿದ ಉಚಿತ ಗ್ರಾಫ್ ಕ್ಯಾಲ್ಕುಲೇಟರ್. 2024ರಿಂದ ಅಮೆರಿಕದಲ್ಲಿ ಎಸ್‌ಎಟಿ ಪರೀಕ್ಷೆ ಪೂರ್ತಿ ಕಂಪ್ಯೂಟರಿಗೆ ಬಂದಾಗ ಅದನ್ನು ಪರೀಕ್ಷೆಯ ಒಳಗೇ ಇಟ್ಟರು. (ಎಸ್‌ಎಟಿ ಎಂದೊಡನೆ ಸಭೆಯಲ್ಲಿ ಎಲ್ಲರೂ ನೆಟ್ಟಗೆ ಕುಳಿತದ್ದನ್ನು ಗಮನಿಸಿದೆ.) ಅದರಲ್ಲಿ ಸ್ಲೈಡರ್ ಎಂಬ ಜಾರುವ ಗುಂಡಿ ಇದೆ. ಅದನ್ನು ಎಳೆದರೆ ಸಮೀಕರಣದ ಒಂದು ಸಂಖ್ಯೆ ಬದಲಾಗುತ್ತದೆ, ನಕ್ಷೆಯೂ ಕೂಡಲೇ ಬದಲಾಗುತ್ತದೆ. ಹೆಚ್ಚು ವಿವರಿಸುವುದಿಲ್ಲ. ಇದರಿಂದ ನನ್ನ ವೃತ್ತಿಗೇ ಸೇರಿದ ಒಂದು ಲೆಕ್ಕ ಹೇಳುತ್ತೇನೆ, ಸ್ಲೈಡರಿನ ಬೆಲೆ ನನಗೆ ಪೂರ್ತಿ ಮನವರಿಕೆಯಾಗಿದ್ದು ಅದರಿಂದಲೇ.

1978ರಲ್ಲಿ ಹಾರ್ವರ್ಡಿನ ಬೋಧನಾ ಆಸ್ಪತ್ರೆಗಳಲ್ಲಿ 60 ಮಂದಿ ವೈದ್ಯರಿಗೂ ವೈದ್ಯ ವಿದ್ಯಾರ್ಥಿಗಳಿಗೂ ಒಂದು ಪ್ರಶ್ನೆ ಕೇಳಿದರು. ಒಂದು ಕಾಯಿಲೆ ಸಾವಿರದಲ್ಲಿ ಒಬ್ಬರಿಗೆ ಇದೆ. ಅದನ್ನು ಪತ್ತೆ ಹಚ್ಚುವ ಟೆಸ್ಟು, ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಐದು ಮಂದಿಗೆ "ಇದೆ" ಎಂದು ತೋರಿಸಿಬಿಡುತ್ತದೆ. ಬೇರೇನೂ ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ಟೆಸ್ಟು ಪಾಸಿಟಿವ್ ಬಂದರೆ, ನಿಜವಾಗಿಯೂ ಕಾಯಿಲೆ ಇರುವ ಸಂಭವ ಎಷ್ಟು? ಎಲ್ಲರಿಗಿಂತ ಹೆಚ್ಚು ಮಂದಿ ಕೊಟ್ಟ ಉತ್ತರ ನೂರಕ್ಕೆ 95. ಸರಿಯಾದ ಉತ್ತರ ನೂರಕ್ಕೆ ಸುಮಾರು 2. ಅದನ್ನು ಹೇಳಿದವರು 60ರಲ್ಲಿ 11 ಮಂದಿ.

ಸಾವಿರ ಜನರನ್ನು ಸಾಲಾಗಿ ನಿಲ್ಲಿಸಿದಂತೆ ಯೋಚಿಸಿ. ಒಬ್ಬರಿಗೆ ಕಾಯಿಲೆ ಇದೆ, ಅವರು ಟೆಸ್ಟಿನಲ್ಲಿ ಸಿಕ್ಕರು ಎನ್ನೋಣ. ಉಳಿದ 999 ಮಂದಿಯಲ್ಲಿ ನೂರಕ್ಕೆ ಐದರಂತೆ ಸುಮಾರು 50 ಮಂದಿ ಸುಮ್ಮನೆ ಸಿಕ್ಕಿಹಾಕಿಕೊಂಡರು. ಪಾಸಿಟಿವ್ ಚೀಟಿ ಹಿಡಿದವರು ಒಟ್ಟು 51, ಅವರಲ್ಲಿ ಕಾಯಿಲೆಯವರು ಒಬ್ಬರು. ಈಗ ಕಾಯಿಲೆಯ ಪ್ರಮಾಣಕ್ಕೆ ಒಂದು ಸ್ಲೈಡರ್ ಕೊಟ್ಟು ಎಳೆಯಿರಿ. ಸಾವಿರದಲ್ಲಿ ಒಬ್ಬರ ಬದಲು ನೂರು ಮಂದಿಗೆ ಇದೆ ಎನ್ನಿ. ಉಳಿದ 900ರಲ್ಲಿ 45 ಮಂದಿ ಸುಮ್ಮನೆ ಸಿಕ್ಕುತ್ತಾರೆ. 145ರಲ್ಲಿ 100, ಅಂದರೆ ನೂರಕ್ಕೆ 69. ಟೆಸ್ಟು ಅದೇ, ಕಂಪನಿ ಅದೇ, ಚೀಟಿ ಅದೇ. ಬದಲಾದದ್ದು ಊರಿನಲ್ಲಿ ಎಷ್ಟು ಜನಕ್ಕೆ ಕಾಯಿಲೆ ಇದೆ ಎನ್ನುವುದು ಮಾತ್ರ. ಈ ಸೂತ್ರವನ್ನು ವೈದ್ಯರೆಲ್ಲ ಓದಿ, ಬರೆದು, ಪಾಸಾಗಿಯೇ ಬಂದಿರುತ್ತಾರೆ. ಆದರೂ ಸೂತ್ರ ಬಾಯಿಗೆ ಬಂದವರಿಗೆಲ್ಲ ಅದರ ಅರ್ಥ ಕೈಗೆ ಸಿಕ್ಕಿರುವುದಿಲ್ಲ ಎನ್ನುವುದಕ್ಕೆ ಆ 60 ಮಂದಿಯೇ ಸಾಕ್ಷಿ. ಕೋವಿಡ್ ಕಾಲದಲ್ಲಿ ಮನೆಯ ಟೆಸ್ಟಿನ ಎರಡು ಗೆರೆಗಳನ್ನು ನೋಡಿ ನನಗೆ ಫೋನು ಮಾಡುತ್ತಿದ್ದ ತಾಯಂದಿರಿಗೆ ಈ ಸ್ಲೈಡರ್ ತೋರಿಸಬೇಕು ಎಂದು ಎಷ್ಟೋ ಸಲ ಅನ್ನಿಸಿತ್ತು. ಹೈಸ್ಕೂಲಿನ ಮಗು ಇದನ್ನು ಅರ್ಧ ಗಂಟೆಯಲ್ಲಿ ತಾನೇ ಕಟ್ಟಬಲ್ಲದು. ನಮ್ಮ ಮಗಳು ಕಟ್ಟಿದಳು, ಆಮೇಲೆ ನನ್ನನ್ನೇ ಪರೀಕ್ಷೆ ಮಾಡಿದಳು!

ಇನ್ನು ಕಹಿ ಔಷಧಿಯ ಮಾತು. ಲೆಕ್ಕದ ಫೋಟೋ ತೆಗೆದರೆ ಹೆಜ್ಜೆ ಹೆಜ್ಜೆಯಾಗಿ ಉತ್ತರ ಬರೆದು ಕೊಡುವ 'ಫೋಟೋಮ್ಯಾತ್' 2014ರಲ್ಲಿ ಕ್ರೊಯೇಷಿಯಾದಿಂದ ಬಂತು. ಅದು ಈಗ ಗೂಗಲ್ಲಿನದು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳುವುದೇ ಬೇಡ. ಅರ್ಥವಾಗದ್ದನ್ನು ಮುಚ್ಚಿಟ್ಟುಕೊಂಡ ಮಗು ಎಂದು ಹೇಳಿದೆನಲ್ಲ, ಆ ಮಗುವಿನ ಕೈಗೆ ಇದು ಸಿಕ್ಕರೆ ಹೊಟ್ಟೆನೋವಿನ ಕಾರಣ ಹುಡುಕದೆ ನೋವಿನ ಮಾತ್ರೆ ಕೊಟ್ಟ ಹಾಗೆ. ನೋವು ಹೋಗುತ್ತದೆ, ಅಪೆಂಡಿಕ್ಸ್ ಒಳಗೇ ಇರುತ್ತದೆ.

ಇದು ನನ್ನ ಊಹೆಯಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಪ್ರೌಢಶಾಲೆಯ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ನಡೆಸಿದ ಒಂದು ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಗಣಿತದ ಅಭ್ಯಾಸ ಮಾಡುವಾಗ ಒಂದು ಗುಂಪಿಗೆ ಪುಸ್ತಕ ಮಾತ್ರ. ಇನ್ನೊಂದು ಗುಂಪಿಗೆ ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಚಾಟ್ ಯಂತ್ರ. ಮೂರನೆಯ ಗುಂಪಿಗೆ ಅದೇ ಯಂತ್ರ, ಆದರೆ ಉತ್ತರ ಹೇಳದೆ ಬರೀ ಸುಳಿವು ಕೊಡುವಂತೆ ತಿದ್ದಿದ್ದು. ಅಭ್ಯಾಸದಲ್ಲಿ ಎರಡನೆಯ ಗುಂಪು ಪುಸ್ತಕದವರಿಗಿಂತ ನೂರಕ್ಕೆ 48 ಹೆಚ್ಚು ಚೆನ್ನಾಗಿ ಮಾಡಿತು. ಆಮೇಲೆ ಯಂತ್ರ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಅದೇ ಗುಂಪು, ಯಂತ್ರವನ್ನೇ ಕಾಣದವರಿಗಿಂತ ನೂರಕ್ಕೆ 17 ಕೆಳಗಿತ್ತು! ಸುಳಿವಿನ ಗುಂಪಿಗೆ ಅಂಥ ನಷ್ಟ ಆಗಲಿಲ್ಲ. ತಾವು ಕಲಿತಿಲ್ಲ ಎನ್ನುವುದು ಆ ಮಕ್ಕಳಿಗೆ ತಿಳಿದಿರಲಿಲ್ಲ ಎನ್ನುವುದೇ ನನಗೆ ಹೆಚ್ಚು ಚಿಂತೆಗೆ ಕಾರಣವಾದ ವಿಷಯ. ಮನೆಗೆಲಸದಲ್ಲಿ ಪೂರ್ತಿ ಅಂಕ, ಟೆಸ್ಟಿನಲ್ಲಿ ಅರ್ಧ ಎಂದು ನಿಮ್ಮ ಮನೆಯಲ್ಲೂ ಕಂಡರೆ ಮಗುವನ್ನು ಬೈಯುವ ಮೊದಲು ಇದನ್ನು ಯೋಚಿಸಿ.

ನಕ್ಷತ್ರ, ಬಿಲ್ಲೆ, ಕಿರೀಟ ಕೊಟ್ಟು ಸರಿ ತಪ್ಪು ಹೇಳುವ ಆಟಗಳ ಬಗ್ಗೆ ನನಗೆ ದೊಡ್ಡ ಸಿಟ್ಟೇನೂ ಇಲ್ಲ. ಮಗ್ಗಿ ಗಟ್ಟಿಯಾಗಲು ಅವು ಸಾಕು. ಮಗ್ಗಿ ಈಗಲೂ ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಬೇಕೇ ಬೇಕು. ಏಳೆಂಟ್ಲಿ ಐವತ್ತಾರು ಎಂದು ನಾಲಗೆಯ ತುದಿಯಲ್ಲಿ ಇಲ್ಲದ ಮಗು ಭಿನ್ನರಾಶಿಯ ನಡುವೆ ಗುಣಾಕಾರ ಹುಡುಕುತ್ತಾ ದಾರಿ ತಪ್ಪುತ್ತದೆ. ಆದರೆ ವೇಗವೇ ಗಣಿತ ಎಂಬ ಭ್ರಮೆ ನಮ್ಮವರಲ್ಲಿ ಬಹಳ. ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅದು ನಮ್ಮ ಹೆಮ್ಮೆ. ಆದರೆ ನಮ್ಮ ಮಕ್ಕಳು ಎಂದೂ ಮಾಡಬೇಕಾಗಿ ಬರದ ಕೆಲಸವೂ ಅದೇ.

ಕೊನೆಯದಾಗಿ, ಈ ವೇದಿಕೆಯಲ್ಲಿಯೇ ಹೇಳಬೇಕಾದ ಒಂದು ಮಾತಿದೆ. ಮೂರರ ಮೇಲೆ ಎರಡು, ಅಂದರೆ ಮೂರು ಪಾಲಿನಲ್ಲಿ ಎರಡು ಪಾಲನ್ನು ಇಂಗ್ಲಿಷಿನಲ್ಲಿ "ಟೂ ಥರ್ಡ್ಸ್" ಎನ್ನುತ್ತೇವೆ. ಮೇಲಿನ ಸಂಖ್ಯೆ ಮೊದಲು, ಕೆಳಗಿನದು ಆಮೇಲೆ. ಕನ್ನಡದಲ್ಲಿ? "ಮೂರನೇ ಎರಡು." ಪತ್ರಿಕೆಯಲ್ಲಿ "ಮೂರನೇ ಎರಡರಷ್ಟು ಬಹುಮತ" ಎಂದು ಓದುತ್ತೇವಲ್ಲ, ಅದು. ಮೊದಲು ಎಷ್ಟು ತುಂಡು ಮಾಡಿದೆ ಎಂದು ಹೇಳಿ, ಆಮೇಲೆ ಎಷ್ಟು ತೆಗೆದುಕೊಂಡೆ ಎನ್ನುತ್ತದೆ ನಮ್ಮ ಭಾಷೆ. ಕೆಲಸ ನಡೆಯುವ ಕ್ರಮವೂ ಅದೇ ತಾನೆ? ಒಬ್ಬಟ್ಟನ್ನು ಮೊದಲು ಮುರಿದು, ಆಮೇಲೆ ತಟ್ಟೆಗೆ ಹಾಕುತ್ತೇವೆ. ಕೊರಿಯನ್ ಭಾಷೆಯಲ್ಲೂ ಹೀಗೆಯೇ, ಮೂರು ಪಾಲಿನಲ್ಲಿ ಒಂದು ಎಂಬ ರೀತಿ ಇದೆ. ಭಿನ್ನರಾಶಿಯನ್ನು ಚಿತ್ರಕ್ಕೆ ಹೊಂದಿಸುವುದರಲ್ಲಿ ಕೊರಿಯದ ಪುಟ್ಟ ಮಕ್ಕಳು ಮುಂದಿದ್ದರು ಎಂದು 1999ರ ಒಂದು ಅಧ್ಯಯನ ಹೇಳಿತು. 2003ರ ಇನ್ನೊಂದು ಅಧ್ಯಯನದಲ್ಲಿ ಇಂಗ್ಲಿಷಿನಲ್ಲೇ ಆ ರೀತಿ ಬಿಡಿಸಿ ಹೇಳಿದಾಗ ಅಮೆರಿಕದ ಮಕ್ಕಳಿಗೂ ಸುಲಭವಾಯಿತು.

ನಮ್ಮ ಅತ್ತೆಯವರು ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಟೀಚರಾಗಿದ್ದವರು. ಚಿಕ್ಕ ಮಗನಿಗೆ ಭಿನ್ನರಾಶಿ ತಲೆಗೆ ಹತ್ತದಿದ್ದಾಗ ನಾವು 'ಫೆಟ್' ಎಂಬುದನ್ನು ತೆರೆದೆವು. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದ ಉಚಿತ ಸಂಗ್ರಹ ಅದು. ವಿಜ್ಞಾನವೂ ಇದೆ, ಗಣಿತವೂ ಇದೆ, ಕೆಲವು ಕನ್ನಡದಲ್ಲೂ ಸಿಗುತ್ತವೆ. ಭಿನ್ನರಾಶಿಯದರಲ್ಲಿ ಒಂದು ಚಕ್ರ ಇರುತ್ತದೆ. ಕೆಳಗಿನ ಸಂಖ್ಯೆಯನ್ನು ಹೆಚ್ಚಿಸಿದರೆ ಚಕ್ರ ಅಷ್ಟು ತುಂಡಾಗುತ್ತದೆ. ಆಮೇಲೆ ತುಂಡುಗಳನ್ನು ಎಳೆದು ತುಂಬಬೇಕು. ಅತ್ತೆಯವರು ವಾಟ್ಸಾಪ್ ವಿಡಿಯೋದಲ್ಲಿ ಆ ಕಡೆಯಿಂದ ನೋಡುತ್ತಿದ್ದರು. "ಪುಟ್ಟಾ, ಮೊದಲು ಎಷ್ಟು ಪಾಲು ಮಾಡ್ದೆ ಹೇಳು." "ಐದು, ಅಜ್ಜಿ." "ಎಷ್ಟು ತುಂಬ್ದೆ?" "ಮೂರು." "ಹಾಗಾದ್ರೆ ಐದನೇ ಮೂರು ಅನ್ನು." ಅವನು ಅಂದ. ಮರುಕ್ಷಣವೇ ಅವನಾಗಿ ಕೇಳಿದ, "ಅಜ್ಜಿ, ಐದನೇ ಐದು ಅಂದ್ರೆ ಪೂರ್ತಿ ಅಲ್ವಾ? ಐದನೇ ಆರು ಅಂದ್ರೆ ಇನ್ನೊಂದು ಚಕ್ರ ಬೇಕಲ್ವಾ?" ಮಿಶ್ರ ಭಿನ್ನರಾಶಿ ಎಂಬ ಶಬ್ದವನ್ನು ಇನ್ನೂ ಯಾರೂ ಅವನಿಗೆ ಹೇಳಿರಲಿಲ್ಲ. ಅತ್ತೆಯವರು ಅಷ್ಟಕ್ಕೆ ಬಿಡಲಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆ ಎಂದು ಹೇಳಿಸಿ, ಒಂದೊಂದನ್ನೂ ಚಕ್ರದಲ್ಲಿ ಮಾಡಿಸಿದರು. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಬರೆದ ಭಾಷೆ ನಮ್ಮದು, ಲೆಕ್ಕಕ್ಕೆ ಪದ ಸಾಲದು ಎನ್ನುವ ಮಾತೇ ಇಲ್ಲ.

ಸಲ್ಮಾನ್ ಖಾನ್ ಎಂದರೆ ಮಕ್ಕಳು ಚಿತ್ರನಟ ಎಂದುಕೊಳ್ಳಬಾರದು. ಬಾಸ್ಟನ್ನಿನಲ್ಲಿದ್ದ ಈ ಖಾನ್ ಅವರು 2004ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿದ್ದ ತಮ್ಮ ಚಿಕ್ಕ ಸೋದರ ಸಂಬಂಧಿ ಹುಡುಗಿಗೆ ದೂರದಿಂದ ಲೆಕ್ಕ ಹೇಳಿಕೊಟ್ಟಿದ್ದರಿಂದಲೇ ಖಾನ್ ಅಕಾಡೆಮಿ ಬೆಳೆಯಿತು. ಅದು ಕನ್ನಡದಲ್ಲೂ ಇದೆ. ಅದರ ವಿಡಿಯೋಗಳನ್ನು ಹೊಗಳುತ್ತಾರೆ, ಆದರೆ ನೋಡುತ್ತಾ ಕುಳಿತರೆ ಅದೂ ಟಿವಿಯೇ. ಜೊತೆಗಿರುವ ಅಭ್ಯಾಸಗಳನ್ನು ಮಾಡಿಸಿ. ನನಗೆ ಅದರ ಹುಟ್ಟಿನ ಕಥೆಯೇ ಹೆಚ್ಚು ಇಷ್ಟ: ಎಲ್ಲಕ್ಕೂ ಮೊದಲು ಇದ್ದದ್ದು ಒಬ್ಬ ಅಣ್ಣ, ಒಬ್ಬಳು ತಂಗಿ.

ಯಾವ ಸಾಧನವನ್ನೂ ಶಾಶ್ವತ ಎಂದು ನಂಬಬೇಡಿ. 2020ರ ಕೊನೆಯ ದಿನ 'ಫ್ಲ್ಯಾಶ್' ನಿಂತಾಗ ಅದನ್ನು ನಂಬಿ ಮಾಡಿದ್ದ ಎಷ್ಟೋ ಒಳ್ಳೆಯ ಗಣಿತದ ಆಟಗಳು ಒಟ್ಟಿಗೆ ಹೋದವು. 2021ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನ ಬೈಜೂಸ್ ಕಂಪನಿ ಆಸ್ಟ್ರಿಯಾದ ಜಿಯೋಜೀಬ್ರಾವನ್ನೇ ಕೊಂಡುಕೊಂಡಿತು. 2024ರಲ್ಲಿ ಆ ಕಂಪನಿಯ ವಿರುದ್ಧವೇ ದಿವಾಳಿ ಪ್ರಕ್ರಿಯೆ ಶುರುವಾಯಿತು. ಹಾಗಾಗಿ ವರ್ಷಕ್ಕೆ ಇಷ್ಟು ಡಾಲರ್ ಎಂದು ಮುಂಗಡ ಕಟ್ಟುವ ಮೊದಲು ಉಚಿತವಾದವನ್ನು ನೋಡಿ. ಮತ್ತು ಯಾವುದೇ ಆದರೂ ಮಗು ಗುಂಡಿ ಎಳೆಯುವ ಮೊದಲು "ಏನಾಗುತ್ತೆ ಹೇಳು ನೋಡೋಣ" ಎಂದು ಕೇಳಲು ಪಕ್ಕದಲ್ಲಿ ಯಾರಾದರೂ ಇರಲಿ. ಹದಿನೈದು ನಿಮಿಷ ಸಾಕು. ಇಂಜಿನಿಯರ್ ಅಪ್ಪಂದಿರಿಗೆ ಒಂದೇ ಕೋರಿಕೆ, ಮೌಸನ್ನು ನೀವು ಕಿತ್ತುಕೊಳ್ಳಬೇಡಿ.

ಮುಂದಿನ ಶನಿವಾರದಿಂದ ಸಂಘದ ಕನ್ನಡ ತರಗತಿ ಮುಗಿದ ಮೇಲೆ ಅದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟು ಅರ್ಧ ಗಂಟೆ ಇದನ್ನು ಮಾಡೋಣ ಎಂದು ಸಮಿತಿಯವರು ಒಪ್ಪಿದ್ದಾರೆ. ಊರಿನಿಂದ ಬಂದಿರುವ ಹಿರಿಯರಲ್ಲಿ ಟೀಚರುಗಳಾಗಿದ್ದವರು, ಬ್ಯಾಂಕಿನಲ್ಲಿದ್ದವರು, ಅಂಗಡಿ ಲೆಕ್ಕ ಬರೆದವರು ಇದ್ದೀರಿ. ಕಂಪ್ಯೂಟರ್ ಬರಬೇಕಾಗಿಲ್ಲ, ಅದನ್ನು ಮಕ್ಕಳು ನೋಡಿಕೊಳ್ಳುತ್ತಾರೆ. ಹೆಸರು ಕೊಡುವವರು ಬಾಗಿಲ ಬಳಿ ಕಾರ್ಯದರ್ಶಿಗಳ ಹತ್ತಿರ ಕೊಡಿ. ಲೆಕ್ಕದಲ್ಲಿ ತನಗೆ ಅರ್ಥವಾಗಿಲ್ಲ ಎಂದು ಗಟ್ಟಿಯಾಗಿ ಹೇಳುವ ಮಗುವಿಗೆ ಮೊದಲ ಜಾಗ.